ಕೊನೆಯ ದಿನ ಹೇಳದ ಆಟ

ಆಟ ಎಂದ ಕೂಡಲೇ ಗೋಲಿ, ಬುಗುರಿ, ಚೆಂಡು ಎಂದು ಯಾರೂ ಅಂದುಕೊಳ್ಳಬಾರದು. ಇದು ಕಂಪ್ಯೂಟರಿನೊಳಗೆ ಕಾರ್ಖಾನೆ ನಡೆಸುವ ಆಟ. ಕಾಲೇಜಿನ ಮೇಲ್ಮಹಡಿಯ ಲ್ಯಾಬಿನಲ್ಲಿ ಪ್ರತಿ ವರ್ಷ ಎರಡು ವಾರ ನಡೆಯುತ್ತದೆ. ಐದು ತಂಡ, ತಂಡಕ್ಕೊಂದು ಬಣ್ಣ, ಬಣ್ಣಕ್ಕೊಂದು ಟಾರ್ಚ್ ಕಾರ್ಖಾನೆ. ಹೊರಗಿನ ಒಂದು ಗಂಟೆ ಒಳಗೆ ಒಂದು ದಿನ. ಹುಡುಗರು ಊಟಕ್ಕೆ ಹೋದರೂ, ಹೊದ್ದು ಮಲಗಿದರೂ ಕಾರ್ಖಾನೆ ನಿಲ್ಲುವುದಿಲ್ಲ. ಗಿರಾಕಿಗಳು ಟಾರ್ಚು ಕೇಳುತ್ತಲೇ ಇರುತ್ತಾರೆ, ಉಗ್ರಾಣದಲ್ಲಿ ಪ್ಲಾಸ್ಟಿಕ್ ಕರಗುತ್ತಲೇ ಇರುತ್ತದೆ. ಎಷ್ಟು ಸಾಮಾನು ತರಿಸಬೇಕು, ಯಾವಾಗ ತರಿಸಬೇಕು, ಯಾವ ಯಂತ್ರ ಇನ್ನೊಂದು ಕೊಳ್ಳಬೇಕು, ಇಷ್ಟೇ ಪ್ರಶ್ನೆ. ಇಷ್ಟಕ್ಕೇ ಬುದ್ಧಿವಂತರೆನಿಸಿಕೊಂಡವರು ತಲೆ ಮೇಲೆ ಕೈ ಹೊತ್ತು ಕೂರುವುದನ್ನು ನೋಡಬೇಕು.

ಆಡಿಸುವವಳಿಗೆ ಕಾಲೇಜಿನಲ್ಲಿ ಫ್ಯಾಕ್ಟರಿ ಟೀಚರ್ ಎಂದೇ ಹೆಸರು. ಪಾಠ ಉತ್ಪಾದನಾ ನಿರ್ವಹಣೆ. ಆದರೆ ಹುಟ್ಟಿದ ಮೇಲೆ ಒಂದು ದಿನವೂ ಕಾರ್ಖಾನೆಯಲ್ಲಿ ಕೆಲಸ ಮಾಡಿದವಳಲ್ಲ. "ಈಜು ಬಾರದವಳು ದಡದಲ್ಲಿ ಕೂತು ಈಜು ಕಲಿಸಿದ ಹಾಗೆ" ಎಂದು ಗಂಡ ಕಾಡಿಸುತ್ತಿದ್ದ. ಗಂಡನದು ಹಲ್ಲಿನ ಸೆಟ್ಟು ಮಾಡುವ ಕೆಲಸ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು, ಅವನು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಮೇಣ ಕಾಯಿಸಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಡುತ್ತಿದ್ದ. "ಈ ಊರಲ್ಲಿ ಅರ್ಧ ಜನ ನಗೋದು ನನ್ನ ಹಲ್ಲಿಂದ ಕಣೇ" ಎನ್ನುವುದು ಅವನ ಜಂಬ. ಜಂಬ ಸುಳ್ಳೇನೂ ಆಗಿರಲಿಲ್ಲ.

ಈ ವರ್ಷ ಆಟ ಶುರುವಾಗುವ ಹಿಂದಿನ ಶುಕ್ರವಾರ, ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದರು. ಗಂಡ ಒಳಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಹೊಟ್ಟೆಯ ಗಡ್ಡೆಯನ್ನು ಹೋದ ವರ್ಷವೇ ತೆಗೆದಿದ್ದರು. ಈಗ ಅದು ಬೇರೆ ಕಡೆಗೆಲ್ಲ ಹಬ್ಬಿದೆ, ಇನ್ನು ಔಷಧಿಯಿಂದ ಆಗುವುದೇನಿಲ್ಲ ಎಂದರು.

"ಒಂದು ತಿಂಗಳು ಅಂದ್ಕೊಳ್ಳಿ. ಅದಕ್ಕಿಂತ ಹೆಚ್ಚು ಸಿಕ್ಕಿದ್ರೆ ಅದೃಷ್ಟ. ಅವರಿಗೆ ನಾನು ಹೇಳ್ಲಾ, ನೀವು ಹೇಳ್ತೀರಾ?"

"ನಾನೇ ಹೇಳ್ತೀನಿ" ಎಂದಳು.

ಹೇಳಲಿಲ್ಲ. ಬಸ್ಸಿನಲ್ಲಿ ಅವನು "ಏನಂದ್ರು?" ಎಂದು ಕೇಳಿದಾಗ, "ಮೈಯಲ್ಲಿ ಶಕ್ತಿ ಬರ್ಬೇಕಂತೆ, ದಿನಾ ಬೆಳಿಗ್ಗೆ ಸ್ವಲ್ಪ ನಡೀಬೇಕಂತೆ" ಎಂದುಬಿಟ್ಟಳು. ಆ ಮಾತು ಎಲ್ಲಿಂದ ಬಂತೋ ಅವಳಿಗೇ ತಿಳಿಯದು. ಅಳು ಬರಬಹುದು ಎಂದು ಕಿಟಕಿಯ ಕಡೆ ಮುಖ ಮಾಡಿ ಕಾದಳು. ಅದೂ ಬರಲಿಲ್ಲ. ಬಹಳ ಹೊತ್ತು ಮಡಚಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಯಾರದೋ ಕಾಲು ಅನಿಸುತ್ತದಲ್ಲ, ಅವಳ ಮನಸ್ಸಿಗೆ ಹಾಗಾಗಿತ್ತು.

ಮರುದಿನ ಶನಿವಾರ ಗಂಡನ ಅಕ್ಕನ ಫೋನು. ತಾಯಿ ಸತ್ತ ಮೇಲೆ ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆಕೆಯೇ. ಇರುವುದು ದೂರದ ಊರಿನಲ್ಲಿ, ಮಗಳ ಮನೆಯಲ್ಲಿ. "ಡಾಕ್ಟ್ರು ಏನಂದ್ರಮ್ಮ? ನಾನು ಈಗ್ಲೇ ಬರ್ಲಾ? ಮೊಮ್ಮಗಳ ಪರೀಕ್ಷೆ ಹತ್ರ ಬಂತು, ಅದು ಮುಗಿಸ್ಕೊಂಡು ಮುಂದಿನ ತಿಂಗಳು ಬರೋಣ ಅಂತಿದ್ದೆ. ಅವಸರ ಏನಿಲ್ಲ ಅಲ್ವಾ?"

"ಇಲ್ಲ ಅತ್ತಿಗೆ. ಪರೀಕ್ಷೆ ಮುಗಿಸ್ಕೊಂಡೇ ಬನ್ನಿ."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಅವಳು ಎರಡು ದಿನದಲ್ಲಿ ಎರಡು ದೊಣ್ಣೆ ತಪ್ಪಿಸಿಕೊಂಡಿದ್ದಳು. ಆದರೆ ದೊಣ್ಣೆ ಬೀಸುತ್ತಿದ್ದುದು ಅವಳ ಮೇಲಲ್ಲ; ಅವನಿಗೆ ಗೊತ್ತಾಗುವುದು ತಡವಾದಷ್ಟೂ ಅಕ್ಕ ಬರುವುದೂ ತಡವಾಗುತ್ತದೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡಳು.

ನಾಳೆ ಭಾನುವಾರ. ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಆಟ ಸಿದ್ಧ ಮಾಡಲು ಕೂತಳು. ಹಿಂದಿನ ಕೋಣೆಯಿಂದ ಉಜ್ಜುವ ಯಂತ್ರದ ಸದ್ದು ಬರುತ್ತಿತ್ತು. ಹಳೆಯ ಗಿರಾಕಿಯೊಬ್ಬರ ಸೆಟ್ಟು ಮುಗಿಸಿಕೊಡುತ್ತೇನೆಂದು ಅವನು ಹಟ ಹಿಡಿದಿದ್ದ. ತಂಡಗಳ ಬಣ್ಣ, ಯಂತ್ರಗಳ ವೇಗ, ಸಾಮಾನು ಬರಲು ಹಿಡಿಯುವ ದಿನ, ಎಲ್ಲವನ್ನೂ ತುಂಬಿದ ಮೇಲೆ ಆಟ ಯಾವಾಗಲೂ ಕೇಳುವ ಪ್ರಶ್ನೆ ಬಂತು: ಆಟದ ಕೊನೆಯ ದಿನವನ್ನು ತಂಡಗಳಿಗೆ ತೋರಿಸಬೇಕೇ? ಪ್ರತಿ ವರ್ಷ ಅವಳು ಹೌದು ಎಂದು ಒತ್ತುತ್ತಿದ್ದಳು. ಒತ್ತಲೇಬೇಕು. ಕೊನೆಯ ದಿನ ಉಗ್ರಾಣದಲ್ಲಿ ಉಳಿದ ಸಾಮಾನಿಗೆ ಬೆಲೆ ಸೊನ್ನೆ. ಆದ್ದರಿಂದ ಕೊನೆ ಹತ್ತಿರವಾದಂತೆ ತರಿಸುವುದನ್ನು ನಿಲ್ಲಿಸಬೇಕು, ಇದ್ದುದನ್ನು ಖಾಲಿ ಮಾಡಬೇಕು, ಯಂತ್ರ ಮಾರಬೇಕು. ಆ ಲೆಕ್ಕಾಚಾರವೇ ಪಾಠದ ಕೊನೆಯ ಅಧ್ಯಾಯ.

ಅವಳ ಬೆರಳು ಬೇಡ ಎಂಬುದನ್ನು ಒತ್ತಿತು. ಯೋಚನೆ ಮಾಡಿ ಒತ್ತಿದ್ದಲ್ಲ. ಒತ್ತಿದ ಮೇಲೆ ಸರಿಪಡಿಸುವುದೇನೂ ಕಷ್ಟವಿರಲಿಲ್ಲ, ಸರಿಪಡಿಸಲೂ ಇಲ್ಲ.

ಮೊದಲ ವಾರ ಎಂದಿನಂತೆಯೇ ಹೋಯಿತು. ಕೆಂಪು ತಂಡದವರು ಬಂದ ದಿನವೇ ಕಂಡ ಕಂಡ ಯಂತ್ರವನ್ನೆಲ್ಲ ಕೊಂಡು ಪ್ಲಾಸ್ಟಿಕ್ಕಿಗೇ ಗತಿಯಿಲ್ಲದೆ ಕೂತರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಹಳದಿ ತಂಡದವರು ಒಂದು ರಾತ್ರಿ ಪೂರ್ತಿ ಮಲಗೆದ್ದು ಬಂದು ನೋಡಿದರೆ ಪರೀಕ್ಷಿಸುವ ಯಂತ್ರದ ಮುಂದೆ ಟಾರ್ಚುಗಳ ಸಾಲು ಹನುಮಂತನ ಬಾಲವಾಗಿತ್ತು. ಅವಳು ಬೋರ್ಡಿನ ಮೇಲೆ ಮೂರು ಚೌಕ ಬರೆದು, ಎಲ್ಲಕ್ಕಿಂತ ನಿಧಾನದ ಯಂತ್ರ ಯಾವುದೋ ಅದೇ ಇಡೀ ಕಾರ್ಖಾನೆಯ ವೇಗ, ಮಿಕ್ಕ ಯಂತ್ರಗಳನ್ನು ಎಷ್ಟು ಓಡಿಸಿದರೂ ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ ಎಂದಳು. ಹುಡುಗರು ನಕ್ಕರು. ಪಾಠ ತಾನಾಗಿಯೇ ಬಾಯಿಂದ ಬರುತ್ತಿತ್ತು. ಅವಳು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು, ಅಷ್ಟೆ.

ಎಲ್ಲರಿಗಿಂತ ಮುಂದಿದ್ದುದು ಹಸಿರು ತಂಡ. ಅದರ ಮುಖ್ಯಸ್ಥೆಗೆ ಲಾಯರ್ ಎಂದು ಅಡ್ಡಹೆಸರು, ಯಾಕೆಂದರೆ ಆ ಹುಡುಗಿ ಹಾಜರಿ ಕೂಗಿದರೂ ವಾದ ಮಾಡುತ್ತಾಳೆ. ಎರಡನೆಯ ವಾರದ ಮೊದಲ ದಿನ ಲಾಯರ್ ಕೈ ಎತ್ತಿದಳು.

"ಮೇಡಂ, ಆಟ ಯಾವತ್ತು ಮುಗಿಯುತ್ತೆ ಅಂತ ಪರದೆ ಮೇಲೆ ಕಾಣ್ತಿಲ್ಲ. ಸೀನಿಯರ್ಸ್‌ಗೆ ಕಾಣ್ತಿತ್ತಂತೆ."

"ಈ ಸಲ ತೋರಿಸಿಲ್ಲ."

"ಯಾಕೆ ಮೇಡಂ?"

ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು, ಉತ್ತರವನ್ನೂ ಹೊಸೆದುಕೊಂಡೇ ಬಂದಿದ್ದಳು. "ನಿಜವಾದ ಕಾರ್ಖಾನೆಗೆ ಯಾರಾದ್ರೂ ಕೊನೆ ದಿನ ಹೇಳ್ತಾರಾ? ಗೊತ್ತಿಲ್ದೆ ನಡೆಸೋದೂ ಕಲೀಬೇಕು."

"ಯಾರಿಗೂ ಗೊತ್ತಿಲ್ದಿದ್ರೆ ಸರಿ ಮೇಡಂ. ಆದ್ರೆ ನಿಮಗೆ ಗೊತ್ತಿದೆಯಲ್ಲ?"

"ಗೊತ್ತಿದೆ."

"ಹಾಗಾದ್ರೆ ಅದು ಗೊತ್ತಿಲ್ದೆ ನಡೆಸೋದಲ್ಲ ಮೇಡಂ. ಕಾರ್ಖಾನೆ ನಮ್ಮದು, ನಷ್ಟ ನಮ್ಮದು, ದಿನ ಮಾತ್ರ ನಿಮ್ಮ ಹತ್ರ. ನಾವು ಸಾಮಾನು ತರಿಸ್ತಾ ಇರೋದನ್ನ ನೀವು ಕೂತು ನೋಡ್ತಿದ್ದೀರಿ."

ಬೇರೆ ದಿನವಾಗಿದ್ದರೆ ಅವಳಿಗೆ ಸಿಟ್ಟು ಬರುತ್ತಿತ್ತು, ಇಲ್ಲವೇ ಇಂಥ ವಿದ್ಯಾರ್ಥಿ ಸಿಕ್ಕಿದಳೆಂದು ಹೆಮ್ಮೆಯಾಗುತ್ತಿತ್ತು. ಎರಡೂ ಆಗಲಿಲ್ಲ. "ಯೋಚನೆ ಮಾಡ್ತೀನಿ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕೆಳಗಿಳಿದು ಬಂದಳು.

ಆಟದ ದಿನಗಳಲ್ಲಿ ಸಂಜೆ ಮನೆಗೆ ಬಂದು ಗಂಡನಿಗೆ ವರದಿ ಒಪ್ಪಿಸುವುದು ಎಷ್ಟೋ ವರ್ಷದ ರೂಢಿ. ಯಾವ ತಂಡ ಮುಳುಗಿತು, ಯಾವುದು ತೇಲಿತು, ಎಲ್ಲವೂ ಅವನಿಗೆ ಬೇಕು. ಪ್ರತಿ ವರ್ಷ ಅವನು ಕೊನೆಯಲ್ಲಿರುವ ತಂಡದ ಪಕ್ಷ. ಈ ಸಲ ಹಳದಿ. ಅವನು ಹಿಂದಿನ ಕೋಣೆಗೆ ಹೋಗುವುದು ಆ ಹೊತ್ತಿಗಾಗಲೇ ನಿಂತಿತ್ತು. ಮೇಣದ ಚಾಕು ಹಿಡಿದರೆ ಕೈ ನಡುಗುತ್ತದೆ ಎಂದು ಬಾಗಿಲು ಎಳೆದುಕೊಂಡು ಬಂದಿದ್ದ. ಬೆಳಗಿನ ನಡಿಗೆ ಮಾತ್ರ ಬಿಟ್ಟಿರಲಿಲ್ಲ. ನಡುಮನೆಯಲ್ಲಿ ಗೋಡೆ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ಡಾಕ್ಟರು ಹೇಳಿದ್ದಾರಲ್ಲ. ಅವಳು ಅಡುಗೆಮನೆಯಲ್ಲಿ ನಿಂತು ಅವನ ಕಾಲೆಳೆಯುವ ಸದ್ದು ಕೇಳುತ್ತಿದ್ದಳು. ಕೇಳಿಯೂ ಸುಮ್ಮನಿದ್ದಳು. ಕಲ್ಲಾಗಿದ್ದಳು ಎಂದರೆ ಕಲ್ಲಿಗೆ ಅವಮಾನ.

ಆ ಸಂಜೆ ಲಾಯರ್ ಹುಡುಗಿ ಹೇಳಿದ್ದನ್ನೂ ವರದಿಯಲ್ಲಿ ಸೇರಿಸಿದಳು. ಸೇರಿಸಬಾರದಿತ್ತು, ಆದರೆ ಬಾಯಿ ಎಂದಿನ ಅಭ್ಯಾಸದಂತೆ ನಡೆದುಹೋಯಿತು.

ಗಂಡ ದಿಂಬಿಗೆ ಒರಗಿದ್ದ. "ಹುಡುಗಿ ಹೇಳಿದ್ದು ಸರಿಯಾಗಿದೆ" ಎಂದ.

"ಏನು ಸರಿ?"

"ದಿನ ಗೊತ್ತಿದ್ದೂ ಹೇಳ್ದೆ ಇರೋದು ಮೋಸ ಕಣೇ. ನಾನು ಹಲ್ಲಿನ ಸೆಟ್ಟು ನಾಳೆ ಆಗುತ್ತೆ, ನಾಳಿದ್ದು ಆಗುತ್ತೆ ಅಂತ ಗಿರಾಕೀನ ಆಡಿಸಿಲ್ವಾ? ಬೋಳು ಬಾಯಲ್ಲಿ ಮದುವೆಗೆ ಹೋಗಿ ಬಂದು ಬೈದಿದ್ರು. ಅವತ್ತೇ ಕಿವಿ ಹಿಡ್ಕೊಂಡೆ. ಹೇಳ್ಬಿಡು ಪಾಪ, ಮಕ್ಕಳು."

"ಹೂಂ" ಎಂದಳು. ಅವನು ಕಣ್ಣು ಮುಚ್ಚಿಕೊಂಡ. ಆಗ ಹೇಳಿಬಿಡಬಹುದಿತ್ತು. ಎದ್ದು ಪಾತ್ರೆ ತೊಳೆಯಲು ಹೋದಳು.

ಮಕ್ಕಳಿಗೂ ತಕ್ಷಣ ಹೇಳಲಿಲ್ಲ. ಇವತ್ತು, ನಾಳೆ ಎನ್ನುತ್ತ ದೂಡಿ ಗುರುವಾರ ಬಂತು. ಶುಕ್ರವಾರ ಮಧ್ಯಾಹ್ನಕ್ಕೆ ಆಟ ಮುಗಿಯುವುದಿತ್ತು. ಗುರುವಾರ ಬೆಳಿಗ್ಗೆ ಟೀಚರ್‌ಗಳಿಗೆ ಮಾತ್ರ ಕಾಣುವ ಪರದೆ ತೆರೆದರೆ, ಹಸಿರು ತಂಡ ಉಗ್ರಾಣ ತುಂಬುವಷ್ಟು ಪ್ಲಾಸ್ಟಿಕ್ ತರಿಸಿಕೊಂಡಿತ್ತು. ಪಾಠದ ಪ್ರಕಾರ ತಪ್ಪೇ ಇಲ್ಲ. ಮುಂದೆ ಬಹಳ ದಿನ ಇದೆ ಎಂದುಕೊಂಡವರು ಒಟ್ಟಿಗೇ ದೊಡ್ಡದಾಗಿ ತರಿಸುವುದೇ ಲಾಭ ಎಂದು ಕಲಿಸಿದವಳು ಅವಳೇ. ನೀಲಿ ತಂಡದವರು ಸೋಮಾರಿತನದಿಂದ ಏನೂ ತರಿಸಿರಲಿಲ್ಲ.

ತರಗತಿಯಲ್ಲಿ ನಿಂತು ಹೇಳಿದಳು: "ಆಟ ನಾಳೆ ಮಧ್ಯಾಹ್ನ ಮುಗಿಯುತ್ತೆ."

ಗದ್ದಲವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಎಲ್ಲರೂ ಪರದೆಯ ಕಡೆ ತಿರುಗಿ ಪಟಪಟನೆ ಯಂತ್ರ ಮಾರಲು ಶುರುಮಾಡಿದರು. ಲಾಯರ್ ಮಾತ್ರ ಕೈ ಕಟ್ಟಿ ಕೂತಿದ್ದಳು. ಅಷ್ಟು ಪ್ಲಾಸ್ಟಿಕ್ಕಿನಿಂದ ಟಾರ್ಚು ಮಾಡಿ ಮುಗಿಸಲು ಒಂದು ದಿನ ಯಾವ ಮೂಲೆಗೂ ಸಾಲದು. ಮರುದಿನ ಮಧ್ಯಾಹ್ನ ನೀಲಿ ತಂಡ ಗೆದ್ದಿತು. ಚಪ್ಪಾಳೆಯೂ ಆಯಿತು. ಎಲ್ಲರೂ ಹೋದ ಮೇಲೆ ಲಾಯರ್ ಮೇಜಿನ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಅಂಕಕ್ಕೋಸ್ಕರ ಬಂದಿಲ್ಲ ಮೇಡಂ. ಸೋಮವಾರ ಕೇಳಿದಾಗ್ಲೇ ಹೇಳಿದ್ರೆ ಬೇರೆ ಥರ ಮಾಡ್ತಿದ್ವಿ. ಗೆಲ್ತಿದ್ವೋ ಬಿಡ್ತಿದ್ವೋ, ನಾವೇ ಮಾಡ್ತಿದ್ವಿ."

"ತಪ್ಪಾಯ್ತಮ್ಮ" ಎಂದಳು ಟೀಚರ್. ಹಸಿರು ತಂಡಕ್ಕೂ ಮೊದಲ ಸ್ಥಾನದ ಅಂಕವನ್ನೇ ಕೊಡುತ್ತೇನೆ ಎಂದಳು. ಹುಡುಗಿ ಅದಕ್ಕೆ ಸಂತೋಷವನ್ನೇನೂ ಪಡದೆ ಚೀಲ ಹೆಗಲಿಗೇರಿಸಿ ಹೋದಳು. ಅಂಕ ಕೊಡಬಹುದು, ವಾರ ಎಲ್ಲಿಂದ ಕೊಡುವುದು?

ಸಂಜೆ ಗಂಡ ಕಾಯುತ್ತಿದ್ದ. "ಯಾರು ಗೆದ್ರು?"

"ನೀಲಿ."

"ನನ್ನ ಹಳದಿ?"

"ಮುಳುಗಿ ಕೆಸರಲ್ಲಿ ಕೂತಿದೆ."

ನಕ್ಕ. ನಗುವುದೂ ಈಗ ಆಯಾಸದ ಕೆಲಸ. "ದಿನ ಹೇಳಿದ್ಯಾ ಮಕ್ಕಳಿಗೆ?"

"ನಿನ್ನೆ ಹೇಳ್ದೆ."

"ಒಂದೇ ದಿನ ಇರುವಾಗ್ಲಾ? ಪಾಪ." ಕಿಟಕಿಯ ಹೊರಗೆ ಯಾರೋ ಸ್ಕೂಟರ್ ಶುರುಮಾಡಲು ಒದೆಯುತ್ತಿದ್ದರು. ಅದು ಶುರುವಾಗುವವರೆಗೂ ಕಾದು, ಆಮೇಲೆ ಕೇಳಿದ. "ಆಟದ್ದಾಯ್ತು. ನಂದು ಯಾವಾಗಂತೆ?"

ಅವಳು ಅವನ ಮುಖ ನೋಡಿದಳು. ಅಲ್ಲಿ ಕೋಪವಿರಲಿಲ್ಲ. ಗಿರಾಕಿ ಬಾಗಿಲಲ್ಲಿ ನಿಂತು, ಸೆಟ್ಟು ಯಾವತ್ತು ಸಿಗುತ್ತದೆ ಎಂದು ಕೇಳುವ ಹಾಗೆ ಕೇಳುತ್ತಿದ್ದ.

"ಒಂದು ತಿಂಗಳು ಅಂದ್ರು. ಹೆಚ್ಚಾದ್ರೆ ಅದೃಷ್ಟ ಅಂದ್ರು."

"ಯಾವತ್ತು ಅಂದ್ರು?"

"ಆಸ್ಪತ್ರೆಗೆ ಹೋಗಿದ್ವಲ್ಲ, ಅವತ್ತೇ."

ಅವನು ಮನಸ್ಸಿನಲ್ಲೇ ಕಳೆಯುವ ಲೆಕ್ಕ ಮಾಡುತ್ತಿದ್ದುದು ಅವಳಿಗೆ ಕಾಣುತ್ತಿತ್ತು. ಲೆಕ್ಕ ಮುಗಿಯಿತು. "ಹಾಗಾದ್ರೆ ಆ ನಡಿಗೆ?"

"ಅದು ನಾನೇ ಹೇಳಿದ್ದು. ಡಾಕ್ಟ್ರು ಹೇಳಿಲ್ಲ."

"ಥತ್! ಪ್ರಾಣ ಹೋಗ್ತಿತ್ತು ಕಣೇ ದಿನಾ ಬೆಳಿಗ್ಗೆ." ಅಷ್ಟು ಹೇಳಿ ಗೋಡೆಯ ಕಡೆ ಹೊರಳಿದ. ಅವಳು ಅವನ ಬೆನ್ನ ಮೇಲೆ ಕೈ ಇಟ್ಟಳು. ಅವನು ತಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

"ನಾನು ತಡ್ಕೊಳ್ಳಲ್ಲ ಅಂತ ನಿಂಗೆ ಯಾರು ಹೇಳಿದ್ರು?" ಎಂದ ಗೋಡೆಗೆ.

ಯಾರೂ ಹೇಳಿರಲಿಲ್ಲ. ತಡೆದುಕೊಳ್ಳಲಾಗದೆ ಇದ್ದವಳು ತಾನೇ ಎಂದು ಹೇಳಬೇಕಿತ್ತು. ಆದರೆ ಅವಳಿಗೆ ಏನೂ ಆಗಿರಲೂ ಇಲ್ಲವಲ್ಲ, ತಿಂದಿದ್ದಳು, ಮಲಗಿದ್ದಳು, ಪಾಠ ಮಾಡಿದ್ದಳು.

"ಫೋನ್ ಕೊಡು" ಎಂದ. ಅಕ್ಕನ ನಂಬರನ್ನು ತಾನೇ ಒತ್ತಿದ. "ಅಕ್ಕಾ, ನಾನು ಕಣೇ... ಹೂಂ... ಪರೀಕ್ಷೆ ಇರ್ಲಿ. ಮುಂದಿನ ತಿಂಗಳು ಬೇಡ. ಈಗ್ಲೇ ಬಾ." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಅಳ್ಬೇಡ. ಬರ್ತಾ ಹುಷಾರು."

ಅತ್ತಿಗೆ ಎರಡು ಬಸ್ಸು ಬದಲಾಯಿಸಿ ಭಾನುವಾರ ಬೆಳಿಗ್ಗೆ ಬಂದಳು. ಚಪ್ಪಲಿ ಬಿಟ್ಟವಳೇ ನೇರ ತಮ್ಮನ ಮಂಚದ ಮೇಲೆ ಕೂತು ಅವನ ಕಾಲನ್ನು ತೊಡೆಯ ಮೇಲೆ ಎತ್ತಿಕೊಂಡಳು. ಮಾತಾಡಿದಾಗಲೆಲ್ಲ ಆಕೆಯ ಬಾಯಲ್ಲಿ ಟಕ್ ಟಕ್ ಎಂದು ಸದ್ದು. ಕೆಳಗಿನ ಹಲ್ಲಿನ ಸೆಟ್ಟು ಸಡಿಲವಾಗಿತ್ತು. ಬಹಳ ವರ್ಷದ ಹಿಂದೆ ತಮ್ಮನೇ ಮಾಡಿಕೊಟ್ಟದ್ದು.

"ಇದನ್ನ ಇಟ್ಕೊಂಡು ಹೇಗೆ ತಿಂತಿದ್ಯೇ? ತೆಗಿ ಇಲ್ಲಿ" ಎಂದ ಅವನು. ಹಿಂದಿನ ಕೋಣೆಯಿಂದ ಮೇಣ, ಚಾಕು, ಉಜ್ಜುವ ಅರ ತರಿಸಿಕೊಂಡ. ದಿಂಬು ಏರಿಸಿಕೊಂಡು ಕೂತು, ಸೆಟ್ಟನ್ನು ಬೆಳಕಿಗೆ ಹಿಡಿದ. ಅರ ಹಿಡಿದ ಕೈ ಗಡಗಡ ನಡುಗುತ್ತಿತ್ತು. ಒಂದು ಸಲ ಉಜ್ಜಿದ, ಜಾರಿತು. ಇನ್ನೊಂದು ಸಲ ಉಜ್ಜಿದ. ಅಕ್ಕ ಅವನ ಮಣಿಕಟ್ಟು ಹಿಡಿದುಕೊಂಡಳು. ಹಾಗೇ ಇಬ್ಬರೂ ಸೇರಿ ಏನೋ ಉಜ್ಜಿದರು. "ಸಾಕು, ತೊಳ್ಕೊಂಡು ಹಾಕಿ ನೋಡು" ಎಂದು ಅವನು ಒರಗಿಕೊಂಡ, ಬೆವತು ಹೋಗಿದ್ದ.

ಅತ್ತಿಗೆ ಸೆಟ್ಟು ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಹಲ್ಲಿಲ್ಲದ ಬಾಯಿ ಒಳಗೆ ಸೇದಿಹೋಗಿ ಮುಖ ತೀರ ಮುದಿಯಾಗಿ ಕಾಣುತ್ತಿತ್ತು. ನಲ್ಲಿ ಬಿಟ್ಟು, ಬೆನ್ನು ಹಾಕಿಯೇ ಕೇಳಿದಳು. "ನಿಂಗೆ ಯಾವಾಗ ಗೊತ್ತಾಯ್ತಮ್ಮ?"

ಮೊನ್ನೆ ಎನ್ನಬಹುದಿತ್ತು. ನಾಲಿಗೆಯ ಮೇಲೆ ಸುಳ್ಳು ಸಿದ್ಧವಾಗಿಯೇ ಇತ್ತು.

"ನೀವು ಎರಡು ವಾರದ ಹಿಂದೆ ಶನಿವಾರ ಫೋನ್ ಮಾಡಿ, ಅವಸರ ಇಲ್ಲ ಅಲ್ವಾ ಅಂದ್ರಲ್ಲ ಅತ್ತಿಗೆ. ಅದರ ಹಿಂದಿನ ದಿನ."

ನೀರು ಸುಮ್ಮನೆ ಹರಿಯುತ್ತಿತ್ತು. "ಆಗ ಅವನ ಕೈ ಆಡ್ತಿತ್ತಾ?"

"ಆಡ್ತಿತ್ತು. ಇನ್ನೊಬ್ಬರ ಸೆಟ್ಟು ಮುಗಿಸಿಕೊಟ್ರು."

ಅತ್ತಿಗೆ ನಲ್ಲಿ ನಿಲ್ಲಿಸಿದಳು. ಬೈಯಲಿಲ್ಲ. ಸೆಟ್ಟನ್ನು ಬಾಯಿಗೆ ಹಾಕಿ, ಹೆಬ್ಬೆರಳಿನಿಂದ ಒತ್ತಿ ಕೂರಿಸಿಕೊಂಡು, ಮುಖ ಒರೆಸಿಕೊಂಡು ತಮ್ಮನ ಕೋಣೆಗೆ ಹೋದಳು.

"ಸರಿ ಹೋಯ್ತಾ?" ಎಂದು ಅವನು ಕೇಳುವುದು ಕೇಳಿಸಿತು.

"ಹೂಂ ಕಣೋ. ಗಟ್ಟಿಯಾಗಿ ಕೂತಿದೆ. ಹೊಸದೇ ಅನ್ನೋ ಹಾಗಿದೆ."

ಟಕ್ ಟಕ್ ಎಂದಿತು.

"ಕೇಳಿಸ್ತಿದೆ ಅಕ್ಕ" ಎಂದ ಅವನು. "ನೀನೂ ಶುರು ಮಾಡ್ಬೇಡ."

ಅಡುಗೆಮನೆಯಲ್ಲಿ ನಿಂತಿದ್ದವಳಿಗೂ ಅದು ಕೇಳಿಸಿತು.